ಹುಣ್ಣಿಮೆ ಬಿಡಿ, ಅಷ್ಟಮಿ ಹಿಡಿಯಿರಿ: ಚಂದ್ರನ ಫೋಟೊ ಕುರಿತ ಪ್ರಶ್ನೋತ್ತರ

ಟೆಲಿಸ್ಕೋಪಿಗೆ ಫೋನನ್ನೋ ಕ್ಯಾಮೆರಾವನ್ನೋ ಜೋಡಿಸಿ ಚಂದ್ರನ ಫೋಟೊ ತೆಗೆಯುವ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆ ಮೀಸಲು. ಒಂದೇ ತೆರನಾದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳಿಗೆ 70 ಮಿ.ಮೀ. ಅಗಲದ, 700 ಮಿ.ಮೀ. ನಾಭಿದೂರದ ಟೆಲಿಸ್ಕೋಪ್ ಕೊಡಿಸಿದ್ದೇವೆ. ಕಣ್ಣಿಟ್ಟು ನೋಡಿದರೆ ಕುಳಿಗಳು ಚೆನ್ನಾಗಿ ಕಾಣುತ್ತವೆ. ಫೋನಿಟ್ಟು ತೆಗೆದರೆ ಮಾತ್ರ ಬರೀ ಬಿಳಿ ಬಿಲ್ಲೆ. ಟೆಲಿಸ್ಕೋಪ್ ಸರಿಯಿಲ್ಲವೇ?
— ಗೃಹಿಣಿ, ಶಿಡ್ಲಘಟ್ಟ

ಉತ್ತರ: ಟೆಲಿಸ್ಕೋಪ್ ಸರಿಯಾಗಿಯೇ ಇದೆ, ಮೋಸ ಹೋಗುತ್ತಿರುವುದು ಫೋನು. ನಿಮ್ಮ ಟೆಲಿಸ್ಕೋಪಿಗೆ 25 ಮಿ.ಮೀ. ಐಪೀಸ್ (ಕಣ್ಣಿಡುವ ಕಡೆಯ ಮಸೂರ) ಹಾಕಿದರೆ 28 ಪಟ್ಟು ದೊಡ್ಡದಾಗಿ ಕಾಣುತ್ತದೆ. ಆಗ ಫೋನಿನ ತೆರೆಯಲ್ಲಿ ಚಂದ್ರ ಬರುವುದು ಚೌಕಟ್ಟಿನ ಚಿಕ್ಕ ಬದಿಯ ಕಾಲು ಭಾಗದಷ್ಟು ಮಾತ್ರ. ಉಳಿದದ್ದೆಲ್ಲ ಕಪ್ಪು. ಇಡೀ ಚೌಕಟ್ಟಿನ ಸರಾಸರಿ ಬೆಳಕು ಲೆಕ್ಕ ಹಾಕುವ ಫೋನು, ಕತ್ತಲಿದೆ ಎಂದುಕೊಂಡು ಹೆಚ್ಚು ಹೊತ್ತು ಬೆಳಕು ತುಂಬಿಸಿಕೊಳ್ಳುತ್ತದೆ. ಆದರೆ ಚಂದ್ರನೆಂದರೆ ನೇರ ಬಿಸಿಲಿಗೆ ಬಿದ್ದಿರುವ ನೆಲ. ಸುತ್ತ ರಾತ್ರಿಯಾದರೂ ತೆಗೆಯುತ್ತಿರುವುದು ಹಗಲಿನ ಫೋಟೊ.

ಕ್ಯಾಮೆರಾ ಆ್ಯಪಿನಲ್ಲಿ ಪ್ರೊ ಮೋಡಿಗೆ (ಅಂಕಿಗಳನ್ನು ನಾವೇ ಹೊಂದಿಸುವ ವಿಧಾನ) ಹೋಗಿ. ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒ 100ಕ್ಕೆ (50 ಇದ್ದರೆ ಅದಕ್ಕೆ) ನಿಲ್ಲಿಸಿ. ಅಷ್ಟಮಿಯ ಆಸುಪಾಸಿನ ಅರ್ಧ ಚಂದ್ರನಿಗೆ 25 ಮಿ.ಮೀ. ಐಪೀಸಿನಲ್ಲಿ ಶಟರ್ 1/250 ಸೆಕೆಂಡಿನಿಂದ ಶುರು ಮಾಡಿ. ಹುಣ್ಣಿಮೆಗೆ 1/1000, ಅದೂ ಹೆಚ್ಚೆನಿಸಿದರೆ 1/2000. ಐಪೀಸನ್ನು 10 ಮಿ.ಮೀ.ಗೆ ಬದಲಿಸಿದರೆ ಅದೇ ಬೆಳಕು ದೊಡ್ಡ ಬಿಂಬಕ್ಕೆ ಹರಡಿ ತೆಳುವಾಗುತ್ತದೆ. ಆಗ ಅಷ್ಟಮಿಗೆ 1/60ರಿಂದ 1/125, ಹುಣ್ಣಿಮೆಗೆ 1/400 ಸಾಕು. ಇವು ಆರಂಭದ ಅಂಕಿಗಳಷ್ಟೆ. ತೆಗೆದ ಫೋಟೊವನ್ನು ದೊಡ್ಡದು ಮಾಡಿ, ಅತಿ ಬೆಳಗಿದ ಅಂಚು ಸುಣ್ಣ ಬಳಿದಂತೆ ಕಂಡರೆ ಶಟರನ್ನು ಒಂದು ಹೆಜ್ಜೆ ವೇಗಕ್ಕೆ ತನ್ನಿ. ಕೊಂಚ ಕಪ್ಪಾಗಿ ಬಂದ ಫೋಟೊವನ್ನು ಆಮೇಲೆ ಬೆಳಗಿಸಬಹುದು. ಪೂರಾ ಬಿಳಿಯಾದ ಕಡೆ ವಿವರವೇ ಉಳಿದಿರುವುದಿಲ್ಲ, ಅಲ್ಲಿ ಏನು ಮಾಡಿದರೂ ಕುಳಿ ಮರಳಿ ಬರುವುದಿಲ್ಲ.

ಫೋನಿನಲ್ಲಿ ಪ್ರೊ ಮೋಡೇ ಇಲ್ಲದಿದ್ದರೆ ತೆರೆಯ ಮೇಲೆ ಚಂದ್ರನನ್ನು ಒತ್ತಿ ಹಿಡಿಯಿರಿ. ಫೋಕಸ್ ಮತ್ತು ಬೆಳಕು ಲಾಕ್ ಆಗುತ್ತವೆ. ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದು, ಕುಳಿಗಳು ಕಾಣುವಷ್ಟು ಕಪ್ಪಾಗಿಸಿ. ನೈಟ್ ಮೋಡ್, ಫ್ಲಾಶ್, ದೃಶ್ಯ ಗುರುತಿಸಿ ತಾನಾಗಿ ತಿದ್ದುವ ಎಐ ಸೌಲಭ್ಯ, ಎಲ್ಲ ಬಂದ್ ಮಾಡಿ. ಕೆಲವು ಫೋನುಗಳು ಚಂದ್ರನನ್ನು ಗುರುತು ಹಿಡಿದು, ಇಲ್ಲದ ವಿವರವನ್ನು ತಾವೇ ಸೇರಿಸುತ್ತವೆ. ಟೆಲಿಸ್ಕೋಪ್ ಇಟ್ಟುಕೊಂಡು ಆ ಪುಣ್ಯ ಕಟ್ಟಿಕೊಳ್ಳುವುದೇಕೆ?

ಫೋಕಸ್ಸಿಗೂ ಒಂದು ಕ್ರಮವಿದೆ. ಫೋನಿನ ಫೋಕಸನ್ನು ಅನಂತಕ್ಕೆ (ಬೆಟ್ಟದ ಗುರುತು) ಇಟ್ಟು, ಟೆಲಿಸ್ಕೋಪಿನ ತಿರುಗಣೆಯಿಂದಲೇ ಸ್ಪಷ್ಟತೆ ತನ್ನಿ. ಕನ್ನಡಕ ತೆಗೆದು ಕಣ್ಣಿಗೆ ಹೊಂದಿಸಿದ ಫೋಕಸ್ ಫೋನಿಗೆ ಹೊಂದುವುದಿಲ್ಲ. ತೆರೆಯನ್ನೇ ದೊಡ್ಡದು ಮಾಡಿ, ಬೆಳಕು ನೆರಳಿನ ಗಡಿಯಲ್ಲಿರುವ ಒಂದು ಕುಳಿಯನ್ನು ನೋಡುತ್ತ ತಿರುಗಿಸಿ. ಕೊನೆಗೆ ಟೈಮರನ್ನು 3 ಸೆಕೆಂಡಿಗೆ ಇಟ್ಟು ಕೈ ತೆಗೆಯಿರಿ. ವೈರಿನ ಇಯರ್‌ಫೋನ್ ಇದ್ದರೆ ಅದರ ವಾಲ್ಯೂಮ್ ಗುಂಡಿಯೇ ರಿಮೋಟ್.

ಪ್ರಶ್ನೆ: ಫೋನ್ ಹೋಲ್ಡರ್ ಕೊಂಡೆ. ಆದರೂ ಚಿತ್ರದ ಒಂದು ಪಕ್ಕ ಕಪ್ಪು ನೆರಳು ಬರುತ್ತದೆ. ಸರಿಪಡಿಸುವಷ್ಟರಲ್ಲಿ ಚಂದ್ರ ಓಡಿಹೋಗಿರುತ್ತಾನೆ. ಜೂಮ್ ಮಾಡಿದರೆ ಪೂರ್ತಿ ಕಪ್ಪು!
— ಇಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಉತ್ತರ: ಹೋಲ್ಡರ್ ಹೊಂದಿಸುವುದು ಹಗಲಿನ ಕೆಲಸ. ಐಪೀಸನ್ನು ಟೆಲಿಸ್ಕೋಪಿನಿಂದ ತೆಗೆದು ಹೋಲ್ಡರಿಗೆ ಸಿಕ್ಕಿಸಿ, ಫೋನ್ ಕೂರಿಸಿ, ಬೆಳಕಿರುವ ಬಿಳಿ ಗೋಡೆಯತ್ತ ಹಿಡಿಯಿರಿ. ತೆರೆಯ ಮೇಲೆ ಒಂದು ಬೆಳಕಿನ ವೃತ್ತ ಕಾಣುತ್ತದೆ. ಅದು ನಟ್ಟನಡುವೆ, ಅಂಚು ಸುತ್ತಲೂ ಒಂದೇ ಸಮ ಕಾಣುವಂತೆ ಹೋಲ್ಡರಿನ ತಿರುಪುಗಳನ್ನು ಸರಿಸಿ, ಬಿಗಿ ಮಾಡಿ. ರಾತ್ರಿ ಕಣ್ಣಿನಿಂದ ನೋಡಲು ಬೇರೆ ಐಪೀಸ್ ಬಳಸಿ ಚಂದ್ರನನ್ನು ನಡುವಿಗೆ ತಂದು, ಹೊಂದಿಸಿಟ್ಟ ಐಪೀಸನ್ನು ಫೋನಿನ ಸಮೇತ ಇಳಿಸಿದರೆ ಆಯಿತು.

ಎಡ ಬಲದ ಜೊತೆಗೆ ದೂರವೂ ಮುಖ್ಯ. ಐಪೀಸಿನಿಂದ ಹೊರಬರುವ ಬೆಳಕಿನ ಕಿರಣಗಳೆಲ್ಲ ಸೇರುವುದು ಗಾಜಿನಿಂದ ಸ್ವಲ್ಪ ಆಚೆ. ಫೋನಿನ ಮಸೂರ ಅಲ್ಲಿಯೇ ಇರಬೇಕು. ಪ್ಲಾಸಲ್ ಎಂಬ ಮಾದರಿಯ ಐಪೀಸಿನಲ್ಲಿ ಈ ಅಂತರ ನಾಭಿದೂರದ ಮುಕ್ಕಾಲಿನಷ್ಟು. 25 ಮಿ.ಮೀ. ಐಪೀಸಿಗೆ ಸುಮಾರು 18 ಮಿ.ಮೀ., 4 ಮಿ.ಮೀ.ಗೆ ಬರೀ 3. ಐಪೀಸಿನ ರಬ್ಬರ್ ಬಾಯಿಯೇ ಅದಕ್ಕಿಂತ ಎತ್ತರ ಇರುವುದರಿಂದ ಸಣ್ಣ ಐಪೀಸಿನಲ್ಲಿ ಚಿಕ್ಕ ಕಿಂಡಿಯಷ್ಟೇ ಕಾಣುವುದು. ರಬ್ಬರನ್ನು ಹಿಂದಕ್ಕೆ ಮಡಚಿ. ಕಲಿಯುವ ಹಂತದಲ್ಲಿ 20ರಿಂದ 25 ಮಿ.ಮೀ. ಬಿಟ್ಟು ಕೆಳಗೆ ಹೋಗಬೇಡಿ.

ಜೂಮ್ ಮಾಡಿದಾಗ ಕಪ್ಪಾಗುವುದಕ್ಕೆ ಕಾರಣ, ಫೋನು ನಿಮ್ಮನ್ನು ಕೇಳದೆ ಇನ್ನೊಂದು ಮಸೂರಕ್ಕೆ ಹಾರುವುದು. ಯಾವ ಮಸೂರ ಕೆಲಸದಲ್ಲಿದೆ ಎಂದು ತಿಳಿಯಲು ಒಂದೊಂದನ್ನೇ ಬೆರಳಿನಿಂದ ಮುಚ್ಚಿ ನೋಡಿ. ಮುಖ್ಯ ಮಸೂರ (1 ಎಕ್ಸ್) ಬಳಸಿ, ಜೂಮ್ 2ರೊಳಗೆ ನಿಲ್ಲಿಸಿ. ಹತ್ತಿರದ ವಸ್ತು ಕಂಡರೆ ತಾನಾಗಿ ಮ್ಯಾಕ್ರೊಗೆ ಹೋಗುವ ಆಯ್ಕೆಯನ್ನೂ ಬಂದ್ ಮಾಡಿ.

ಇನ್ನು ಭಾರ. ಫೋನು, ಹೋಲ್ಡರ್ ಸೇರಿ 300 ಗ್ರಾಂ ದಾಟುತ್ತದೆ. ಟೆಲಿಸ್ಕೋಪಿನ ಹಿಂಭಾಗ ಮೆಲ್ಲಗೆ ಕುಸಿಯುತ್ತದೆ, ಚಂದ್ರ ‘ಓಡಿಹೋಗು’ವುದರಲ್ಲಿ ಅದರ ಪಾಲೂ ಇದೆ. ಕೊಳವೆಯನ್ನು ಹಿಡಿಕೆಯೊಳಗೆ ಮುಂದಕ್ಕೆ ಜಾರಿಸಿ ತೂಕ ಸಮ ಮಾಡಿ. ಫೋನಿಗೊಂದು ದಾರ ಕಟ್ಟಿ ಟ್ರೈಪಾಡಿಗೆ ಸುತ್ತಿ. ಐಪೀಸ್ ಹಿಡಿಯುವ ಚಿಕ್ಕ ತಿರುಪು ಸಡಿಲವಿದ್ದರೆ ಫೋನು ನೆಲಕ್ಕೇ ಬೀಳುವುದು.

ಪ್ರಶ್ನೆ: ಯಾವ ದಿನ ತೆಗೆದರೆ ಒಳ್ಳೆಯದು? ಹುಣ್ಣಿಮೆಯಲ್ಲಿ ತೆಗೆದದ್ದು ಚಪ್ಪಟೆಯಾಗಿ ಬಂತು.
— ತೆಂಗು ಬೆಳೆಗಾರ, ತಿಪಟೂರು

ಉತ್ತರ: ಫೋಟೊಗೆ ಹುಣ್ಣಿಮೆಯಷ್ಟು ಬೇಸರದ ದಿನ ಇನ್ನೊಂದಿಲ್ಲ. ಅಂದು ಸೂರ್ಯನ ಬೆಳಕು ನಮ್ಮ ಬೆನ್ನ ಹಿಂದಿನಿಂದ ಚಂದ್ರನಿಗೆ ನೇರ ಬೀಳುತ್ತದೆ. ಕುಳಿಯ ಗೋಡೆಗೆ ನೆರಳೇ ಇರುವುದಿಲ್ಲ. ನೆರಳಿಲ್ಲದಿದ್ದರೆ ಆಳ ಎತ್ತರ ತಿಳಿಯುವುದಾದರೂ ಹೇಗೆ? ಚೆಂದವೆಲ್ಲ ಇರುವುದು ಬೆಳಕು ಮತ್ತು ಕತ್ತಲೆಯ ಗಡಿಗೆರೆಯ ಬಳಿ. ಅಲ್ಲಿ ಆಗತಾನೇ ಸೂರ್ಯೋದಯ, ಸಣ್ಣ ದಿಬ್ಬಕ್ಕೂ ಉದ್ದ ನೆರಳು.

ಈ ಗಡಿಗೆರೆ ಎಲ್ಲಿದೆ ಎಂದು ತಿಳಿಯಲು ಆ್ಯಪ್ ಬೇಕಿಲ್ಲ, ಗೋಡೆಯ ಕ್ಯಾಲೆಂಡರ್ ಸಾಕು. ತಿಥಿ ಎಂದರೆ ಸೂರ್ಯ ಚಂದ್ರರ ನಡುವಿನ ಕೋನದಲ್ಲಿ 12 ಡಿಗ್ರಿಯ ಒಂದು ಹೆಜ್ಜೆ. ಕೋನ 90 ಆದಾಗ ಅರ್ಧ ಚಂದ್ರ. ಅದು ಬೀಳುವುದು 84ರಿಂದ 96ರ ನಡುವಿನ ಶುಕ್ಲ ಅಷ್ಟಮಿಯಲ್ಲಿ. ಒಂದು ಎಚ್ಚರ: ಕ್ಯಾಲೆಂಡರಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಸೂರ್ಯೋದಯದ ತಿಥಿ. ಪಕ್ಕದಲ್ಲಿ ಅದು ಮುಗಿಯುವ ಗಳಿಗೆ ಕೊಟ್ಟಿರುತ್ತಾರೆ. ಮಧ್ಯಾಹ್ನವೇ ಮುಗಿಯುವುದಿದ್ದರೆ ಸಂಜೆಗೆ ಮುಂದಿನ ತಿಥಿ ಎಂದು ಲೆಕ್ಕ ಹಿಡಿಯಿರಿ.

ತದಿಗೆ, ಚೌತಿಯಂದು ಬಲ ಅಂಚಿನ ಬಳಿ ಮರೆ ಕ್ರಿಸಿಯಮ್ ಎಂಬ ದುಂಡನೆಯ ಕಪ್ಪು ಬಯಲು ಎದ್ದು ಕಾಣುತ್ತದೆ. ಆದರೆ ಚಂದ್ರ ಬೇಗ ಮುಳುಗುತ್ತಾನೆ, ತಗ್ಗಿನಲ್ಲಿರುತ್ತಾನೆ, ಚಿತ್ರ ಕದಡುತ್ತದೆ. ಷಷ್ಠಿಯಂದು ಥಿಯೊಫಿಲಸ್, ಸಿರಿಲಸ್, ಕ್ಯಾಥರಿನಾ ಎಂಬ ಮೂರು ದೊಡ್ಡ ಕುಳಿಗಳು ಸಾಲಾಗಿ ಗಡಿಗೆರೆಗೆ ಬರುತ್ತವೆ. ಹೊಸಬರಿಗೆ ಇದಕ್ಕಿಂತ ಸುಲಭದ ಗುರಿ ಸಿಗದು. ಅಷ್ಟಮಿಯಂದು ನಡುವಿನಲ್ಲಿ ಟಾಲೆಮಿಯಸ್, ಅಲ್ಫಾನ್ಸಸ್, ಅರ್ಜಾಕೆಲ್. ನವಮಿಯೇ ನಮ್ಮ ಆಯ್ಕೆ. ಮೇಲೆ ಪ್ಲೇಟೊ ಕುಳಿ, ಕೆಳಗೆ 230 ಕಿ.ಮೀ. ಅಗಲದ ಕ್ಲೇವಿಯಸ್ ಮತ್ತು ಅದರೊಳಗೆ ಕಮಾನಿನಂತೆ ಕಿರಿದಾಗುತ್ತ ಹೋಗುವ ಮರಿಕುಳಿಗಳು. ಎರಡರ ನಡುವೆ ‘ನೇರ ಗೋಡೆ’ ಎನ್ನುವ 110 ಕಿ.ಮೀ. ಉದ್ದದ ಕಪ್ಪು ಗೆರೆ. ಗೋಡೆಯಂತೆ ಕಂಡರೂ ಅದು ಕೆಲವೇ ನೂರು ಮೀಟರ್ ಎತ್ತರದ ಇಳಿಜಾರು, ನೆರಳಿನ ಮಹಿಮೆ ಅಷ್ಟೆ. ದಶಮಿಗೆ 93 ಕಿ.ಮೀ. ಅಗಲದ ಕೋಪರ್ನಿಕಸ್, ಏಕಾದಶಿಗೆ ‘ಕಾಮನಬಿಲ್ಲಿನ ಕೊಲ್ಲಿ’ಯ ಬೆಟ್ಟಸಾಲು. ಚಂದ್ರ ಭೂಮಿಗೆ ತುಸು ತೂಗಾಡುತ್ತ ಮುಖ ತೋರಿಸುವುದರಿಂದ ಇವೆಲ್ಲ ಅರ್ಧ ದಿನ ಹಿಂದೆ ಮುಂದೆ ಆಗಬಹುದು.

ಹುಣ್ಣಿಮೆಗೂ ಒಂದು ಉಪಯೋಗ ಉಂಟು: ಟೈಕೊ ಕುಳಿಯಿಂದ ಸಿಡಿದು ಸಾವಿರಾರು ಕಿ.ಮೀ. ಹರಡಿರುವ ಬಿಳಿ ಪಟ್ಟೆಗಳು ಅಂದೇ ಸ್ಪಷ್ಟ. ಕೃಷ್ಣಪಕ್ಷದಲ್ಲಿ ಇದೇ ಕುಳಿಗಳಿಗೆ ಸೂರ್ಯಾಸ್ತದ ಬೆಳಕು ಎದುರು ದಿಕ್ಕಿನಿಂದ ಬೀಳುತ್ತದೆ. ನೇರ ಗೋಡೆ ಆಗ ಕಪ್ಪಿನ ಬದಲು ಬಿಳಿ ಗೆರೆ. ಕೃಷ್ಣ ಅಷ್ಟಮಿಯ ಚಂದ್ರ ಹುಟ್ಟುವುದು ನಡುರಾತ್ರಿ. ತೋಟಕ್ಕೆ ಬೆಳಗಿನ ಜಾವ ನೀರು ಬಿಡಲು ಏಳುವವರಿಗೆ ಅದು ಕಷ್ಟವಾಗಲಾರದು, ಆ ಹೊತ್ತಿನ ಗಾಳಿಯೂ ಶಾಂತ.

ಪ್ರಶ್ನೆ: ಪೆಟ್ಟಿಗೆಯ ಮೇಲೆ 675 ಪಟ್ಟು ಎಂದಿದೆ. 4 ಮಿ.ಮೀ. ಐಪೀಸ್, 3 ಎಕ್ಸ್ ಬಾರ್ಲೋ (ಬಿಂಬವನ್ನು 3 ಪಟ್ಟು ಹಿಗ್ಗಿಸುವ ಮಸೂರ) ಎರಡೂ ಹಾಕಿದರೆ ಏನೂ ಕಾಣುವುದಿಲ್ಲ.
— ಮಧುಗಿರಿ

ಉತ್ತರ: 900 ಮಿ.ಮೀ. ನಾಭಿದೂರವನ್ನು 4ರಿಂದ ಭಾಗಿಸಿ 3ರಿಂದ ಗುಣಿಸಿದರೆ 675, ಗಣಿತ ಸರಿಯೇ. ಆದರೆ ಟೆಲಿಸ್ಕೋಪಿನ ಅಗಲ ಮಿ.ಮೀ.ನಲ್ಲಿ ಎಷ್ಟಿದೆಯೋ ಅದರ ಎರಡು ಪಟ್ಟಿನಾಚೆ ದೊಡ್ಡದು ಮಾಡಿದರೆ ಮಂಕು ದೊಡ್ಡದಾಗುತ್ತದೆಯೇ ಹೊರತು ವಿವರವಲ್ಲ. 70 ಮಿ.ಮೀ.ಗೆ 140 ಪಟ್ಟು ಮೇಲ್ಮಿತಿ. ಫೋಟೊಗೆ 35ರಿಂದ 90 ಪಟ್ಟು. ಆ ಪ್ಲಾಸ್ಟಿಕ್ ಬಾರ್ಲೋ ಪೆಟ್ಟಿಗೆಯಲ್ಲೇ ಇರಲಿ.

ಪ್ರಶ್ನೆ: 130 ಮಿ.ಮೀ. ಅಗಲದ, ಕನ್ನಡಿ ಬಳಸುವ ನ್ಯೂಟನ್ ಮಾದರಿ (ನಾಭಿದೂರ 650 ಮಿ.ಮೀ.) ಟೆಲಿಸ್ಕೋಪಿಗೆ ಟಿ-ರಿಂಗ್ (ಕ್ಯಾಮೆರಾ ಕೂರಿಸುವ ಬಳೆ) ಹಾಕಿ ಡಿಎಸ್‌ಎಲ್‌ಆರ್ ಜೋಡಿಸಿದೆ. ಫೋಕಸರನ್ನು (ಸ್ಪಷ್ಟತೆ ಹೊಂದಿಸಲು ಒಳಗೆ ಹೊರಗೆ ಸರಿಯುವ ಕೊಳವೆ) ಪೂರ್ತಿ ಒಳಗೆ ತಳ್ಳಿದರೂ ಚಂದ್ರ ಸ್ಪಷ್ಟವಾಗುವುದೇ ಇಲ್ಲ. ಅಂಗಡಿಯವರು ಕ್ಯಾಮೆರಾ ತಪ್ಪು ಎನ್ನುತ್ತಾರೆ.
— ಸ್ಟುಡಿಯೊ ಮಾಲೀಕ, ಕೆ.ಜಿ.ಎಫ್.

ಉತ್ತರ: ಕ್ಯಾಮೆರಾದ ತಪ್ಪಲ್ಲ. ಟಿ-ರಿಂಗ್ ಹಾಕಿದಾಗ ಅದರ ಮುಖದಿಂದ ಕ್ಯಾಮೆರಾದ ಸೆನ್ಸರಿಗೆ 55 ಮಿ.ಮೀ. ಅಂತರ ಇರುತ್ತದೆ. ಕಣ್ಣಿನಿಂದ ನೋಡಲೆಂದು ಮಾಡಿದ ಅನೇಕ ನ್ಯೂಟನ್ ಟೆಲಿಸ್ಕೋಪುಗಳಲ್ಲಿ ಬಿಂಬ ಮೂಡುವುದು ಫೋಕಸರಿನ ಬಾಯಿಯಿಂದ ಅಷ್ಟು ಹೊರಗೆ ಅಲ್ಲ. ಸೆನ್ಸರ್ ಬಿಂಬದಿಂದಾಚೆ ಉಳಿದುಬಿಡುತ್ತದೆ. ಫೋಕಸರನ್ನು ಒಳಗೆ ತಳ್ಳುತ್ತ ಹೋದಂತೆ ಚಂದ್ರ ಚಿಕ್ಕದಾಗುತ್ತ, ಚೊಕ್ಕವಾಗುತ್ತ ಬಂದು, ಇನ್ನೇನು ಎನ್ನುವಾಗ ತಿರುಗಣೆ ನಿಂತುಬಿಟ್ಟರೆ ಕಾಯಿಲೆ ಇದೇ. ಮಿರರ್‌ಲೆಸ್ ಕೊಂಡರೂ ಪರಿಹಾರವಿಲ್ಲ. ಅದರ ಟಿ-ರಿಂಗ್ ಅಷ್ಟೇ ಉದ್ದವಾಗಿದ್ದು ಒಟ್ಟು ಮತ್ತೆ 55 ಮಿ.ಮೀ.ಗೇ ತರುತ್ತದೆ.

ಮೊದಲು ಖರ್ಚಿಲ್ಲದ್ದು. ಫೋಕಸರಿನ ತುದಿಯ 1.25 ಇಂಚಿನ ಐಪೀಸ್ ಹಿಡಿಕೆಯನ್ನು ತಿರುಗಿಸಿ ಬಿಚ್ಚಿ ನೋಡಿ. ಕೆಲವು ಮಾದರಿಗಳಲ್ಲಿ ಅದರಡಿ 42 ಮಿ.ಮೀ. ತಿರುಪಿನ ಮರೆ (ಥ್ರೆಡ್) ಇರುತ್ತದೆ. ಟಿ-ರಿಂಗನ್ನು ಅದಕ್ಕೇ ನೇರ ತಿರುಗಿಸಬಹುದು, ಬೇಕಾದ ಅಂತರ ಅಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಒಳ್ಳೆಯ 2 ಎಕ್ಸ್ ಬಾರ್ಲೋ ಹಾಕಿ, ತುದಿಯಲ್ಲಿ ಟಿ-ರಿಂಗ್ ಕೂರುವ ಮರೆ ಇರುವಂಥದ್ದು. ಬಾರ್ಲೋ ಬಿಂಬವನ್ನು ಹೊರಕ್ಕೆ ದೂಡುತ್ತದೆ. ನಿಮ್ಮ 650 ಮಿ.ಮೀ. 1300 ಆಗುತ್ತದೆ. ಇದು ಚಂದ್ರನಿಗೆ ಅನುಕೂಲವೇ. ಸೆನ್ಸರಿನ ಮೇಲೆ ಚಂದ್ರನ ಬಿಂಬ ಎಷ್ಟು ದೊಡ್ಡದು ಎಂಬುದಕ್ಕೆ ಸೂತ್ರ ಸುಲಭ: ನಾಭಿದೂರವನ್ನು 110ರಿಂದ ಭಾಗಿಸಿ. 650ಕ್ಕೆ 6 ಮಿ.ಮೀ., 1300ಕ್ಕೆ 12 ಮಿ.ಮೀ. ಎಪಿಎಸ್-ಸಿ ಎಂಬ ಅಳತೆಯ ಸೆನ್ಸರಿನ ಎತ್ತರ ಸುಮಾರು 15 ಮಿ.ಮೀ. ಆದ್ದರಿಂದ ಇಡೀ ಚಂದ್ರ ಹಿಡಿಯುತ್ತದೆ. 3 ಎಕ್ಸ್ ಹಾಕಿದರೆ ಹಿಡಿಯುವುದಿಲ್ಲ. ದೊಡ್ಡ ಕನ್ನಡಿಯನ್ನು ಉದ್ದದ ಬೋಲ್ಟ್ ಹಾಕಿ ಮುಂದಕ್ಕೆ ತರುವವರೂ ಇದ್ದಾರೆ. ಕನ್ನಡಿಗಳ ಹೊಂದಾಣಿಕೆ ಮಾಡಲು ಬರುವುದಾದರೆ ಮಾತ್ರ ಅದಕ್ಕೆ ಕೈಹಾಕಿ.

ಬಾರ್ಲೋ ಸೇರಿ ಎಫ್/10 (ನಾಭಿದೂರ ಅಗಲದ 10 ಪಟ್ಟು) ಆಗುವ ನಿಮ್ಮ ಜೋಡಣೆಗೆ ಹುಣ್ಣಿಮೆಯಲ್ಲಿ ಐಎಸ್‌ಒ 100, ಶಟರ್ 1/125. ಅಷ್ಟಮಿಯಲ್ಲಿ ಐಎಸ್‌ಒ 400ಕ್ಕೆ ಏರಿಸಿ 1/100. ಐಎಸ್‌ಒ ಏರಿಸಲು ಹಿಂಜರಿಯಬೇಡಿ, ನಡುಗಿದ ಫೋಟೊಗಿಂತ ಸ್ವಲ್ಪ ಕಾಳುಕಾಳಾದ ಫೋಟೊ ಮೇಲು. ರಾ ಫೈಲಿನಲ್ಲಿ (ಕ್ಯಾಮೆರಾ ಹಿಂಡದೆ ಉಳಿಸುವ ಮೂಲ ಫೈಲು) ತೆಗೆಯಿರಿ. ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂದಿನ ತೆರೆಯಲ್ಲಿ) 10 ಪಟ್ಟು ದೊಡ್ಡದು ಮಾಡಿ ಫೋಕಸ್ ಹಿಡಿದು, ಫೋಕಸರಿನ ಲಾಕ್ ತಿರುಪು ಬಿಗಿ ಮಾಡಿ, 2 ಸೆಕೆಂಡ್ ಟೈಮರಿನಲ್ಲಿ ಒತ್ತಿ. ಲೈವ್ ವ್ಯೂನಲ್ಲಿ ಕ್ಯಾಮೆರಾದ ಕನ್ನಡಿ ಮೊದಲೇ ಎದ್ದಿರುವುದರಿಂದ ಅದರ ಏಟಿನ ನಡುಕವೂ ತಪ್ಪುತ್ತದೆ.

ಮಸೂರದ ಟೆಲಿಸ್ಕೋಪ್ ಇರುವವರಿಗೆ ಇದೇ ತೊಂದರೆ ತಿರುಗುಮುರುಗು. ಬಾಗಿದ ಡಯಾಗನಲ್ (ಬೆಳಕನ್ನು ಐಪೀಸಿನತ್ತ ತಿರುಗಿಸುವ ಭಾಗ) ತೆಗೆದು ಕ್ಯಾಮೆರಾ ಹಾಕಿದರೆ ಫೋಕಸರ್ ಪೂರ್ತಿ ಹೊರಗೆ ಬಂದರೂ ಸಾಲದು. ಒಂದು ಉದ್ದನೆಯ ಕೊಳವೆ ನಡುವೆ ಸೇರಿಸಿದರೆ ಮುಗಿಯಿತು.

ಪ್ರಶ್ನೆ: ಆರ್‌ಸಿಸಿ ಮಹಡಿಯ ಮೇಲಿನಿಂದ ತೆಗೆಯುತ್ತೇನೆ. ಫೋಕಸ್ ಸರಿಯಿದ್ದರೂ ಚಂದ್ರನ ಅಂಚು ಅಲೆಅಲೆಯಾಗಿ ನಡುಗುತ್ತದೆ. ಹತ್ತರಲ್ಲಿ ಒಂದು ಫೋಟೊವೂ ಸ್ಪಷ್ಟವಿಲ್ಲ.
— ಕೋಲಾರ

ಉತ್ತರ: ನಡುಗುತ್ತಿರುವುದು ಗಾಳಿ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ 10ರವರೆಗೂ ಶಾಖ ಬಿಡುತ್ತಿರುತ್ತದೆ. ಆ ಬಿಸಿಗಾಳಿ ನಿಮ್ಮ ಮಸೂರದ ಮುಂದೆಯೇ ಏಳುತ್ತದೆ. ಮಾರ್ಚ್, ಏಪ್ರಿಲಿನಲ್ಲಂತೂ ಹೇಳುವುದೇ ಬೇಡ. ಟ್ರೈಪಾಡನ್ನು ಮಣ್ಣಿನ ಅಂಗಳಕ್ಕೋ ಹುಲ್ಲಿಗೋ ಇಳಿಸಿ. ಮಹಡಿಯೇ ಗತಿಯಾದರೆ ಸಂಜೆ ಎರಡು ಬಿಂದಿಗೆ ನೀರು ಚೆಲ್ಲಿ, ಒಣಗಿದ ಮೇಲೆ ಶುರು ಮಾಡಿ. ಪಕ್ಕದ ಮನೆಯ ತಗಡಿನ ಶೀಟು, ಹೋಟೆಲಿನ ಹೊಗೆ ಕೊಳವೆ, ಎಸಿಯ ಹೊರ ಪೆಟ್ಟಿಗೆ, ಇವುಗಳ ನೆತ್ತಿಯ ಮೇಲೆ ಚಂದ್ರ ಇರುವಾಗ ತೆಗೆಯಬೇಡಿ. ಟೆಲಿಸ್ಕೋಪನ್ನು ಮನೆಯಿಂದ ತಂದು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹೊರಗೆ ಬಿಡಿ, ಕೊಳವೆಯೊಳಗಿನ ಗಾಳಿ ಹೊರಗಿನದಕ್ಕೆ ಸಮವಾಗಲಿ.

ಚಂದ್ರ ಎತ್ತರದಲ್ಲಿದ್ದಷ್ಟೂ ನಡುವಿನ ಗಾಳಿ ಕಡಿಮೆ. ಇದರಲ್ಲಿ ನಮ್ಮ ಕಡೆಯವರು ಪುಣ್ಯವಂತರು. 13 ಡಿಗ್ರಿ ಅಕ್ಷಾಂಶದ ಈ ಊರುಗಳಲ್ಲಿ ಚಂದ್ರ ನಡು ಆಕಾಶ ದಾಟುವಾಗ ವರ್ಷದ ಯಾವ ದಿನವೂ ಸುಮಾರು 48 ಡಿಗ್ರಿಗಿಂತ ತಗ್ಗುವುದಿಲ್ಲ. ಶುಕ್ಲ ಅಷ್ಟಮಿಯ ಚಂದ್ರ ಅಲ್ಲಿಗೆ ಬರುವುದು ಸೂರ್ಯ ಮುಳುಗುವ ಹೊತ್ತಿಗೇ. ಹಾಗಾಗಿ ಸಂಜೆ 5ಕ್ಕೇ ಜೋಡಿಸಿ, ಬೆಳಕಿನಲ್ಲೇ ಫೋಕಸ್ ಹಿಡಿದುಕೊಳ್ಳಬಹುದು. ಆದರೆ ಆಗ ಪಶ್ಚಿಮದಲ್ಲಿ ಸೂರ್ಯ ಇರುತ್ತಾನೆ. ಕೊಳವೆ ಅತ್ತ ತಿರುಗುವಾಗ ಮುಚ್ಚಳ ಹಾಕಿರಲಿ, ಮಕ್ಕಳ ಕೈಗೆ ಬಿಡಬೇಡಿ. ಸೂರ್ಯನತ್ತ ತಿರುಗಿದ ಟೆಲಿಸ್ಕೋಪಿಗೆ ಕಣ್ಣಿಟ್ಟರೆ ಒಂದು ಕ್ಷಣದಲ್ಲಿ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಐಪೀಸಿಗೆ ತಿರುಗಿಸುವ ಚಿಕ್ಕ ‘ಸನ್ ಫಿಲ್ಟರ್’ ಪೆಟ್ಟಿಗೆಯಲ್ಲಿ ಬಂದಿದ್ದರೆ ಎಸೆದುಬಿಡಿ, ಕಾದು ಸೀಳುವ ವಸ್ತು ಅದು.

ಪ್ರಶ್ನೆ: ಊರಿನ ದೀಪಗಳ ಕಾಟ ತಪ್ಪಿಸಲು ನಂದಿ ಬೆಟ್ಟಕ್ಕೆ ಹೋಗಬೇಕೇ?
— ಚಿಕ್ಕಬಳ್ಳಾಪುರ

ಉತ್ತರ: ಬೇಡ. ಕ್ಷೀರಪಥಕ್ಕೆ ಕತ್ತಲೆ ಬೇಕು, ಚಂದ್ರನಿಗೆ ಬೇಡ. ಬೀದಿದೀಪ ನೇರ ಮಸೂರಕ್ಕೆ ಬೀಳದಿದ್ದರೆ ಸಾಕು. ಬೆಟ್ಟದ ತುದಿಯ ಗಾಳಿ ಹಗುರ ಟ್ರೈಪಾಡನ್ನು ನಿಲ್ಲಗೊಡುವುದಿಲ್ಲ. ಮನೆಯಂಗಳದಲ್ಲಿ ಟ್ರೈಪಾಡಿನ ಕಾಲು ಉದ್ದ ಮಾಡದೆ, ಕುರ್ಚಿಯಲ್ಲಿ ಕೂತು, ನಡುವಿನ ತಟ್ಟೆಗೆ ಎರಡು ಇಟ್ಟಿಗೆ ನೇತುಹಾಕಿ ತೆಗೆದದ್ದೇ ಚೆನ್ನಾಗಿ ಬರುತ್ತದೆ.

ಪ್ರಶ್ನೆ: ಮೋಟಾರಿನ ಈಕ್ವಟೋರಿಯಲ್ ಮೌಂಟ್ (ಆಕಾಶ ಸರಿದಂತೆ ಟೆಲಿಸ್ಕೋಪನ್ನು ತಿರುಗಿಸುವ ನಿಲುವು) ಇದೆ. ಧ್ರುವ ನಕ್ಷತ್ರಕ್ಕೆ ಹೊಂದಿಸಲು ಬಾಗಿಸಿದರೆ ತೂಕದ ಸರಳು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ.
— ಶಿರಾ

ಉತ್ತರ: ಆ ಮೌಂಟುಗಳನ್ನು ಧ್ರುವ ನಕ್ಷತ್ರ 40, 50 ಡಿಗ್ರಿ ಎತ್ತರದಲ್ಲಿ ಕಾಣುವ ದೇಶಗಳನ್ನು ಮನಸ್ಸಿನಲ್ಲಿಟ್ಟು ಮಾಡಿರುತ್ತಾರೆ. ನಮ್ಮಲ್ಲಿ ಅದು 13ರಿಂದ 14 ಡಿಗ್ರಿ, ಮರಗಳ ಹಿಂದೆಯೇ ಅಡಗಿರುತ್ತದೆ. ಟ್ರೈಪಾಡನ್ನು ತಿರುಗಿಸಿ, ಉತ್ತರಕ್ಕೆ ಒಂದು ಕಾಲು ನೆಟ್ಟಗೆ ಬರುವ ಬದಲು ಎರಡು ಕಾಲುಗಳ ನಡುವಿನ ಸಂದು ಬರುವಂತೆ ಇಡಿ. ಸರಳು ಆ ಸಂದಿನಲ್ಲಿ ಇಳಿಯುತ್ತದೆ. ಇನ್ನೂ ತಾಗಿದರೆ ತೂಕದ ಬಿಲ್ಲೆಯನ್ನು ಸರಳಿನಲ್ಲಿ ಮೇಲಕ್ಕೆ ಸರಿಸಿ, ಕಡಿಮೆಯಾದ ಸಮತೋಲಕ್ಕೆ ಇನ್ನೊಂದು ಬಿಲ್ಲೆ ಸೇರಿಸಿ. ಚಂದ್ರನಿಗೆ ಕರಾರುವಾಕ್ಕಾದ ಹೊಂದಾಣಿಕೆ ಬೇಕಿಲ್ಲ. ದಿಕ್ಸೂಚಿಯಲ್ಲಿ ಉತ್ತರ, ಫೋನಿನ ಮಟ್ಟಗೋಲಿನಲ್ಲಿ 13 ಡಿಗ್ರಿ, ಇಷ್ಟಿದ್ದರೆ ಚಂದ್ರ ಕೆಲವು ನಿಮಿಷ ಚೌಕಟ್ಟಿನಲ್ಲೇ ಇರುತ್ತಾನೆ. ಮೋಟಾರೇ ಇಲ್ಲದವರೂ ಕೊರಗಬೇಕಿಲ್ಲ. ಆಕಾಶ ಸರಿಯುವುದು ಸೆಕೆಂಡಿಗೆ 15 ಆರ್ಕ್ ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್ ಸೆಕೆಂಡ್). 1/100ರ ಶಟರಿನಲ್ಲಿ ಅದು 0.15 ಮಾತ್ರ, ಚಿಕ್ಕ ಟೆಲಿಸ್ಕೋಪಿನ ಕಣ್ಣಿಗೆ ಬೀಳದಷ್ಟು.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ 6 ಇಂಚಿನ ಟೆಲಿಸ್ಕೋಪ್ ಇದೆ. ಚಂದ್ರಯಾನ-3 ಇಳಿದ ಜಾಗದ ಫೋಟೊ ತೆಗೆದು ಮಕ್ಕಳಿಗೆ ತೋರಿಸಬಹುದೇ? ವಿಕ್ರಮ್ ಕಾಣುತ್ತದೆಯೇ ಎಂದು ಕೇಳುತ್ತಾರೆ.
— ವಿಜ್ಞಾನ ಶಿಕ್ಷಕರು, ಚಿಂತಾಮಣಿ

ಉತ್ತರ: ಜಾಗವನ್ನು ತೋರಿಸಬಹುದು ಮೇಷ್ಟ್ರೇ, ವಿಕ್ರಮನನ್ನು ಅಲ್ಲ. ಚಂದ್ರನ ಸರಾಸರಿ ದೂರ 3,84,400 ಕಿ.ಮೀ. ಅಲ್ಲಿ ಒಂದು ಆರ್ಕ್ ಸೆಕೆಂಡ್ ಎಂದರೆ 1.86 ಕಿ.ಮೀ. ನಿಮ್ಮ 150 ಮಿ.ಮೀ. ಟೆಲಿಸ್ಕೋಪ್ ಒಳ್ಳೆಯ ಗಾಳಿಯಲ್ಲಿ ಬಿಡಿಸಿ ತೋರಿಸುವುದು 0.8 ಆರ್ಕ್ ಸೆಕೆಂಡ್, ಅಂದರೆ ಒಂದೂವರೆ ಕಿ.ಮೀ. ಎರಡು ಮೀಟರಿನ ಲ್ಯಾಂಡರ್ ಅದರ 750ರಲ್ಲಿ ಒಂದು ಪಾಲು ಮಾತ್ರ. ಅದನ್ನು ಭೂಮಿಯಿಂದ ಗುರುತಿಸಲು 100 ಮೀಟರಿಗೂ ಹೆಚ್ಚು ಅಗಲದ ಕನ್ನಡಿ ಬೇಕು. ಈ ಭಾಗಾಕಾರವನ್ನು ಮಕ್ಕಳ ಕೈಯಲ್ಲೇ ಮಾಡಿಸಿ.

ವಿಕ್ರಮ್ ಇಳಿದ ಶಿವಶಕ್ತಿ ತಾಣ 69.37 ಡಿಗ್ರಿ ದಕ್ಷಿಣ, 32.32 ಡಿಗ್ರಿ ಪೂರ್ವ. ಇಳಿದದ್ದು 2023ರ ಆಗಸ್ಟ್ 23ರ ಸಂಜೆ, ಶುಕ್ಲ ಸಪ್ತಮಿ. ಸೌರಫಲಕಕ್ಕೆ ಬಿಸಿಲು ಬೇಕೆಂದು ಅಲ್ಲಿ ಬೆಳಗಾದ ಮೇಲೆ ಇಳಿಸಿದರು. ನಿಮಗೂ ಅದೇ ಸಪ್ತಮಿಯೇ ಸೂಕ್ತ, ನೆರಳು ಉದ್ದ ಇರುತ್ತದೆ. ಥಿಯೊಫಿಲಸ್ ಕುಳಿಯಿಂದ ನೇರ ದಕ್ಷಿಣಕ್ಕೆ ಇಳಿಯಿರಿ. ಮೊದಲು ನಡುವೆ ಶಿಖರವಿರುವ ಪಿಕೊಲೊಮಿನಿ, ಆಮೇಲೆ ಒಡೆದ ಗೋಡೆಯ ದೊಡ್ಡ ಜಾನ್ಸೆನ್, ಅಂಚಿಗೆ ಸಮೀಪ 98 ಕಿ.ಮೀ. ಅಗಲದ ಮ್ಯಾಂಜಿನಸ್. ಚೆಂಡಿನ ಓರೆಯಲ್ಲಿ ಇರುವುದರಿಂದ ಅದು ದುಂಡಗೆ ಕಾಣದೆ ಮೊಟ್ಟೆಯಾಕಾರಕ್ಕೆ ಒತ್ತಿದಂತೆ ಕಾಣುತ್ತದೆ. ಶಿವಶಕ್ತಿ ಅದರ ಪಕ್ಕ, ದಕ್ಷಿಣ ಅಂಚಿನ ಕಡೆಗೆ. ಫೋಟೊದಲ್ಲಿ ಬಾಣದ ಗುರುತು ಹಾಕಿ ಅಚ್ಚು ತೆಗೆಸಿ. 6 ಇಂಚು ಕೊಳವೆಗೆ 10 ಮಿ.ಮೀ. ಐಪೀಸ್ ಸಾಕು.

ಪ್ರಶ್ನೆ: ನಮ್ಮ ಫೋಟೊ ನಕ್ಷೆಗೆ ತಾಳೆಯಾಗುವುದಿಲ್ಲ, ಕನ್ನಡಿಯಲ್ಲಿ ನೋಡಿದ ಹಾಗಿದೆ.
— ಗೌರಿಬಿದನೂರು

ಉತ್ತರ: ಮಸೂರದ ಟೆಲಿಸ್ಕೋಪಿಗೆ ಬಾಗಿದ ಡಯಾಗನಲ್ ಹಾಕಿದರೆ ಎಡ ಬಲ ಅದಲುಬದಲು. ಫೋನಿನ ಎಡಿಟರಿನಲ್ಲಿ ಫ್ಲಿಪ್ ಮಾಡಿ. ನ್ಯೂಟನ್ ಮಾದರಿಯಲ್ಲಿ ಚಿತ್ರ ತಲೆಕೆಳಗು ಮಾತ್ರ, 180 ಡಿಗ್ರಿ ತಿರುಗಿಸಿ. ಎರಡನ್ನೂ ಗೊಂದಲ ಮಾಡಿಕೊಂಡರೆ ಕುಳಿಯ ಹೆಸರೆಲ್ಲ ತಪ್ಪುತ್ತದೆ.

ಪ್ರಶ್ನೆ: ಒಂದೇ ಫೋಟೊ ಬದಲು ವಿಡಿಯೊ ತೆಗೆದು ಸ್ಟ್ಯಾಕ್ ಮಾಡುತ್ತಾರಂತೆ. ಹೇಗೆ?
— ಕುಣಿಗಲ್

ಉತ್ತರ: ನಡುಗುವ ಗಾಳಿಯಲ್ಲೂ ನಡುನಡುವೆ ಒಂದು ಕ್ಷಣ ಚಿತ್ರ ತಿಳಿಯಾಗುತ್ತದೆ. ವಿಡಿಯೊ ತೆಗೆದರೆ ಆ ಕ್ಷಣಗಳೂ ಅದರಲ್ಲಿ ಸಿಕ್ಕಿರುತ್ತವೆ. ಸಾಫ್ಟ್‌ವೇರ್ ಅವನ್ನು ಆರಿಸಿ, ಒಂದರ ಮೇಲೊಂದು ಕೂರಿಸಿ, ಸರಾಸರಿ ತೆಗೆಯುತ್ತದೆ. ಕಾಳುಕಾಳು ಅಳಿದು ವಿವರ ಉಳಿಯುತ್ತದೆ.

ಬೆಳಕು, ಫೋಕಸ್ ಎರಡನ್ನೂ ಲಾಕ್ ಮಾಡಿ 30 ಸೆಕೆಂಡ್ ವಿಡಿಯೊ ತೆಗೆಯಿರಿ. ಸೆಕೆಂಡಿಗೆ 60 ಚೌಕಟ್ಟಾದರೆ 1800 ಚಿತ್ರ. ಕೈ ಕಂಪನ ತಡೆಯುವ ಸ್ಟೆಬಿಲೈಸೇಶನ್ ಬಂದ್ ಆಗಿರಲಿ. ಕಂಪ್ಯೂಟರಿಗೆ ಕೇಬಲಿನಲ್ಲೇ ಕಳಿಸಿ. ವಾಟ್ಸ್‌ಆ್ಯಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡುತ್ತದೆ. ವಿಂಡೋಸಿನಲ್ಲಿ ಉಚಿತವಾಗಿ ಸಿಗುವ ಪಿಪ್ (PIPP) ಎಂಬ ಸಾಫ್ಟ್‌ವೇರಿನಲ್ಲಿ ವಿಡಿಯೊವನ್ನು ಎವಿಐಗೆ ಬದಲಿಸಿ, ಚಂದ್ರ ನಡುವಿಗೆ ಬರುವಂತೆ ಕತ್ತರಿಸಿ. ಕತ್ತರಿಸದೆ ಬದಲಿಸಿದರೆ 1800 ಪೂರ್ಣ ಎಚ್‌ಡಿ ಚೌಕಟ್ಟು 11 ಜಿಬಿ ತಿನ್ನುತ್ತದೆ, ಹಳೆಯ ಲ್ಯಾಪ್‌ಟಾಪ್ ಅಲ್ಲೇ ಮಲಗುತ್ತದೆ. ಮುಂದೆ ಆಟೋಸ್ಟ್ಯಾಕರ್ಟ್ (AutoStakkert) ಎಂಬ ಸ್ಟ್ಯಾಕ್ ಮಾಡುವ ಸಾಫ್ಟ್‌ವೇರಿನಲ್ಲಿ ತೆರೆದು, ಹತ್ತಿರದ ನೋಟಕ್ಕೆ ‘ಸರ್ಫೇಸ್’ ಆರಿಸಿ, ಅನಲೈಸ್ ಒತ್ತಿ. ಗುಣಮಟ್ಟದ ಗೆರೆ ಎಲ್ಲಿ ಕುಸಿಯುತ್ತದೆಯೋ ನೋಡಿ ಮೇಲಿನ 10ರಿಂದ 25 ಶೇಕಡ ಮಾತ್ರ ಇಟ್ಟುಕೊಳ್ಳಿ. ಎಲ್ಲ ಸೇರಿಸಿದರೆ ಕೆಟ್ಟವೂ ಸೇರಿ ಮಂಕಾಗುತ್ತದೆ. ಬಂದ ಚಿತ್ರ ಮೊದಲಿಗೆ ಮೆತ್ತಗೇ ಇರುತ್ತದೆ, ಗಾಬರಿಯಾಗಬೇಡಿ. ರೆಜಿಸ್ಟಾಕ್ಸ್ (RegiStax) ಎಂಬ ಸಾಫ್ಟ್‌ವೇರಿನಲ್ಲಿ, ವಿವರ ಹರಿತಗೊಳಿಸುವ ವೇವ್‌ಲೆಟ್ ಪಟ್ಟಿಗಳನ್ನು ಮೆಲ್ಲಗೆ ಬಲಕ್ಕೆ ಎಳೆದರೆ ಕುಳಿಗಳು ಎದ್ದು ಬರುತ್ತವೆ. ಚಂದ್ರನ ಅಂಚಿನಲ್ಲಿ ಇನ್ನೊಂದು ಬಿಳಿ ಗೆರೆ ಮೂಡಿತೋ, ಎಳೆದದ್ದು ಹೆಚ್ಚಾಯಿತು, ಹಿಂದಕ್ಕೆ ಬನ್ನಿ.

ಪ್ರಶ್ನೆ: ಡಿಸೆಂಬರಿನಲ್ಲಿ ಅರ್ಧ ಗಂಟೆಗೇ ಮಸೂರದ ಮೇಲೆ ಇಬ್ಬನಿ ಕೂರುತ್ತದೆ. ಒರೆಸಿದರೆ ಗೀರು ಬೀಳುತ್ತದೆಯೇ?
— ಮುಳಬಾಗಿಲು

ಉತ್ತರ: ಬೀಳುತ್ತದೆ, ಒರೆಸಬೇಡಿ. ಕಪ್ಪು ಫೋಮ್ ಹಾಳೆಯನ್ನು ಕೊಳವೆಯ ಬಾಯಿಗೆ ಸುತ್ತಿ, ಮಸೂರದ ಅಗಲದ ಒಂದೂವರೆ ಪಟ್ಟು ಮುಂದಕ್ಕೆ ಚಾಚುವಂತೆ ಮಾಡಿ. 70 ಮಿ.ಮೀ.ಗೆ 105 ಮಿ.ಮೀ. ಅಷ್ಟಾದರೂ ಕೂತರೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ದೂರದಿಂದ ಹಿಡಿಯಿರಿ. ಮನೆಗೆ ತಂದ ಮೇಲೆ ತೇವ ಆರುವ ತನಕ ಮುಚ್ಚಳ ಹಾಕಬೇಡಿ, ಮಳೆಗಾಲದಲ್ಲಿ ಸಿಲಿಕಾ ಜೆಲ್ ಚೀಲದ ಜೊತೆ ಇಡಿ. ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ಗ್ರಹಣದ ಚಂದ್ರನಿಗೆ ಇದೇ ಸೆಟ್ಟಿಂಗ್ ನಡೆಯುತ್ತದೆಯೇ?
— ಬಂಗಾರಪೇಟೆ

ಉತ್ತರ: ನೆರಳು ಅರ್ಧಕ್ಕೆ ಬರುವವರೆಗೆ ಹುಣ್ಣಿಮೆಯ ಸೆಟ್ಟಿಂಗೇ ನಡೆಯುತ್ತದೆ. ಪೂರ್ಣ ಹಿಡಿದ ಮೇಲೆ ಚಂದ್ರ ಸಾವಿರಾರು ಪಟ್ಟು ಮಂಕು. ಎಫ್/8ರಲ್ಲಿ ಐಎಸ್‌ಒ 1600ಕ್ಕೆ 1 ಸೆಕೆಂಡ್ ಬೇಕಾದೀತು. ಅಷ್ಟು ಹೊತ್ತಿಗೆ ಚಂದ್ರ 15 ಆರ್ಕ್ ಸೆಕೆಂಡ್ ಸರಿದು ಚಿತ್ರ ಎಳೆದಂತಾಗುತ್ತದೆ, ಹಾಗಾಗಿ ಮೋಟಾರು ಬೇಕೇ ಬೇಕು. ಇಲ್ಲದವರು ಟೆಲಿಸ್ಕೋಪ್ ಬಿಟ್ಟು 200 ಮಿ.ಮೀ. ಲೆನ್ಸಿನಲ್ಲಿ ತೆಗೆಯುವುದು ಲೇಸು. ಇಲ್ಲಿ ಆರಂಭದಿಂದ ಕೊನೆಯವರೆಗೂ ಕಂಡ ಪೂರ್ಣ ಗ್ರಹಣ 2025ರ ಸೆಪ್ಟೆಂಬರ್ 7ರ ರಾತ್ರಿ ಆಗಿಹೋಯಿತು. ಅಂಥದ್ದೇ ಇನ್ನೊಂದು 2028ರ ಡಿಸೆಂಬರ್ 31ರಂದು: ರಾತ್ರಿ ಸುಮಾರು 8.40ಕ್ಕೆ ಹಿಡಿಯಲು ಶುರು, 9.45ರಿಂದ 11ರ ಹತ್ತಿರದವರೆಗೆ ಪೂರ್ಣ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ.